ಎಂಟು ತಿಂಗಳು ಬಳಸಿದ ಸ್ಕೇಲ್ ಚಕ್ರ: ಅಳತೆ ಸರಿ, ಹೆಸರು ತಪ್ಪು

ನಾನು ಬಟ್ಟೆ ಹೊಲಿಯುವವಳು. ಇಪ್ಪತ್ತಾರು ವರ್ಷದಿಂದ ಅದೇ ಕೆಲಸ. ಸಂಜೆ ಮಷಿನ್ ಮುಚ್ಚಿದ ಮೇಲೆ ಸಂಗೀತ ನುಡಿಸುವ ಕೀಬೋರ್ಡ್ ಮುಂದೆ ಕೂರುತ್ತೇನೆ. ಅದಕ್ಕೂ ಈಗ ಒಂಬತ್ತು ವರ್ಷ. ಇಷ್ಟು ಕಾಲ ಮೇಜರ್ ಸ್ಕೇಲ್‌ಗಳು ನನ್ನ ಬೆರಳಿಗೆ ಗೊತ್ತಿದ್ದವು, ನನಗೆ ಗೊತ್ತಿರಲಿಲ್ಲ. ಸ್ಕೇಲ್ ಅಂದರೆ ಒಂದು ಗೊತ್ತಾದ ಅಳತೆಯಲ್ಲಿ ಮೇಲೇರುವ ಏಳು ಸ್ವರಗಳ ಸಾಲು. ಸಿ, ಜಿ, ಡಿ ಅನ್ನುವುದು ಸ್ವರಗಳ ಇಂಗ್ಲಿಷ್ ಹೆಸರು, ಮನೆ ಅಂದರೆ ಕೀಬೋರ್ಡಿನ ಒಂದೊಂದು ಕೀಲಿ. ಸಿ ಮೇಜರ್‌ಗೆ ಬರೀ ಬಿಳಿ ಮನೆ, ಜಿ ಮೇಜರ್‌ಗೆ ಒಂದು ಕರಿ ಮನೆ, ಡಿ ಮೇಜರ್‌ಗೆ ಎರಡು. ಯಾಕೆ ಅಂತ ಯಾರಾದರೂ ಕೇಳಿದರೆ ಹೇಳಲು ಏನೂ ಇರಲಿಲ್ಲ. ಹನ್ನೆರಡು ಸ್ಕೇಲ್ ಅಂದರೆ ಹನ್ನೆರಡು ಪಾಠ ಅಂದುಕೊಂಡು ಒಂದೊಂದನ್ನೂ ಬೇರೆ ಬೇರೆಯಾಗಿ ಉರು ಹೊಡೆದಿದ್ದೆ. ಈ ಚಕ್ರ ಕೈಗೆ ಬಂದ ಸಂಜೆ ಹನ್ನೆರಡೂ ಒಂದೇ ಪಾಠ ಅಂತ ಗೊತ್ತಾಯಿತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ವಸ್ತು ಹೀಗಿದೆ. ಹದಿನೆಂಟು ಸೆಂಟಿಮೀಟರ್ ಅಗಲದ ದಪ್ಪ ರಟ್ಟಿನ ದುಂಡು ತಟ್ಟೆ. ಅಂಚಿನಲ್ಲಿ ಗಡಿಯಾರದ ಅಂಕಿಗಳ ಹಾಗೆ ಹನ್ನೆರಡು ಸ್ವರಗಳ ಹೆಸರು: ನೆತ್ತಿಯಲ್ಲಿ ಸಿ, ಅಲ್ಲಿಂದ ಬಲಕ್ಕೆ ಸಿ ಶಾರ್ಪ್ (ಸಿಗಿಂತ ಒಂದು ಹೆಜ್ಜೆ ಮೇಲಿನ ಸ್ವರ), ಡಿ, ಡಿ ಶಾರ್ಪ್, ಹೀಗೆ ಸುತ್ತಿ ಬಂದು ಕೊನೆಗೆ ಬಿ. ಅದರ ಮೇಲೆ ತಿರುಗುವ ಕೆಂಪು ಪ್ಲಾಸ್ಟಿಕ್ ತಟ್ಟೆ, ಅದರಲ್ಲಿ ಏಳು ತೂತು, ಪ್ರತಿ ತೂತಿನ ಪಕ್ಕ 1ರಿಂದ 7ರವರೆಗೆ ಅಂಕಿ. ಇದು ಮೇಜರ್. ರಟ್ಟನ್ನು ಮಗುಚಿದರೆ ಹಿಂದೆಯೂ ಅದೇ ಹನ್ನೆರಡು ಹೆಸರು, ಅದರ ಮೇಲೆ ನೀಲಿ ತಟ್ಟೆ, ಇದು ಮೈನರ್. ಇದರಲ್ಲಿ ಏಳು ದೊಡ್ಡ ತೂತು, ಜೊತೆಗೆ ಎರಡು ಸಣ್ಣವು. ಎಲ್ಲವನ್ನೂ ನಡುವೆ ಒಂದು ಲೋಹದ ರಿವೆಟ್ ಹಿಡಿದಿದೆ. ಪೆಟ್ಟಿಗೆಯಲ್ಲಿ ಹದಿನಾರು ಪುಟದ ಕೈಪಿಡಿ, ಒಂದು ಸರ್ಕಲ್ ಆಫ್ ಫಿಫ್ತ್ಸ್ ಕಾರ್ಡು (ಯಾವ ಸ್ಕೇಲಿಗೆ ಯಾವುದು ಹತ್ತಿರ ಅಂತ ತೋರಿಸುವ ಚಿತ್ರ). ಬ್ಯಾಟರಿ ಇಲ್ಲ, ಆ್ಯಪ್ ಇಲ್ಲ, ಸದ್ದಿಲ್ಲ.

ಕೀಬೋರ್ಡಿನಲ್ಲಿ ಒಂದು ಮನೆಯಿಂದ ಅದಕ್ಕೆ ಅಂಟಿಕೊಂಡ ಪಕ್ಕದ ಮನೆಗೆ, ಅದು ಬಿಳಿಯಾಗಲಿ ಕರಿಯಾಗಲಿ, ಇರುವ ದೂರಕ್ಕೆ ಸೆಮಿಟೋನ್ ಅನ್ನುತ್ತಾರೆ. ಅಂಥ ಎರಡು ಸೇರಿದರೆ ಒಂದು ಟೋನ್. ಚಕ್ರದಲ್ಲಿ ಒಂದು ಹೆಸರಿನಿಂದ ಮುಂದಿನ ಹೆಸರಿಗೆ ಒಂದು ಸೆಮಿಟೋನ್. ಹನ್ನೆರಡು ದಾಟಿದರೆ ಹೊರಟಲ್ಲಿಗೇ ಬಂದು ಸೇರುತ್ತೇವೆ, ಒಂದು ಆಕ್ಟೇವ್ ಮೇಲೆ, ಅಂದರೆ ಅದೇ ಹೆಸರಿನ ಮೇಲಿನ ಸ್ವರಕ್ಕೆ. ಕೆಂಪು ತಟ್ಟೆಯ ತೂತುಗಳ ನಡುವಿನ ದೂರ ಎಣಿಸಿದೆ: ಟೋನ್, ಟೋನ್, ಸೆಮಿಟೋನ್, ಟೋನ್, ಟೋನ್, ಟೋನ್, ಸೆಮಿಟೋನ್. ಅಂಕಿಯಲ್ಲಿ 2, 2, 1, 2, 2, 2, 1. ಕೂಡಿದರೆ 12. ಮೇಜರ್ ಸ್ಕೇಲ್ ಅಂದರೆ ಇಷ್ಟೇ ಅಳತೆ.

ನಾನು ರವಿಕೆ ಕತ್ತರಿಸುವಾಗ ಅಳತೆಯ ಕಾಗದವನ್ನು ಬಟ್ಟೆಯ ಯಾವ ಭಾಗದಲ್ಲಿ ಬೇಕಾದರೂ ಇಡುತ್ತೇನೆ. ಕಾಗದದ ಆಕಾರ ಬದಲಾಗುವುದಿಲ್ಲ. ಅದರ ಕೆಳಗೆ ಸಿಗುವ ಹೂವು ಬಳ್ಳಿ ಬದಲಾಗುತ್ತವೆ. ಕೆಂಪು ತಟ್ಟೆಯ 1ನ್ನು ಸಿ ಮೇಲಿಟ್ಟರೆ ತೂತುಗಳಲ್ಲಿ ಸಿ, ಡಿ, ಇ, ಎಫ್, ಜಿ, ಎ, ಬಿ. ಡಿ ಮೇಲಿಟ್ಟರೆ ಮೂರನೇ ತೂತಿನಲ್ಲಿ ಎಫ್ ಶಾರ್ಪ್, ಏಳನೆಯದರಲ್ಲಿ ಸಿ ಶಾರ್ಪ್. ಎಂಟು ವರ್ಷ ಉರು ಹೊಡೆದ ಆ ಎರಡು ಕರಿ ಮನೆಗಳು ಅಲ್ಲಿಗೆ ಯಾಕೆ ಬಂದವು ಅಂತ ಆಗ ಕಂಡಿತು. ಇ ಮತ್ತು ಎಫ್ ನಡುವೆ, ಬಿ ಮತ್ತು ಸಿ ನಡುವೆ ಕರಿ ಮನೆ ಇಲ್ಲವಲ್ಲ, ಬಿಳಿ ಮನೆಗಳ ಸಾಲು ತಾನೇ ಆ ಅಳತೆಯಲ್ಲಿ ಜೋಡಿಸಿದ್ದು. ಸಿಯಿಂದ ಹೊರಟರೆ ಆ ಜೋಡಣೆ ಮೇಜರ್ ಅಳತೆಗೆ ಸರಿಯಾಗಿ ಕೂರುತ್ತದೆ. ಬೇರೆ ಎಲ್ಲಿಂದ ಹೊರಟರೂ ಅಳತೆ ಉಳಿಸಿಕೊಳ್ಳಲು ಕರಿ ಮನೆ ಬೇಕಾಗುತ್ತದೆ.

ಇನ್ನೊಂದು ಮಾತು ಕೈಪಿಡಿಯಲ್ಲಿ ಇಲ್ಲ, ಚಕ್ರವನ್ನು ದಿಟ್ಟಿಸಿ ನೋಡಿದರೆ ತಾನೇ ಕಾಣುತ್ತದೆ. ಮೇಜರ್ ಅಳತೆ ಎರಡು ಒಂದೇ ತರಹದ ತುಂಡುಗಳ ಜೋಡಣೆ. ಸಿ, ಡಿ, ಇ, ಎಫ್ ಒಂದು ತುಂಡು: 2, 2, 1. ಜಿ, ಎ, ಬಿ, ಮೇಲಿನ ಸಿ ಇನ್ನೊಂದು: ಅದೂ 2, 2, 1. ನಡುವೆ ಒಂದು ಟೋನ್ ಹೊಲಿಗೆ. ಎಡ ತೋಳು ಬಲ ತೋಳು ಒಂದೇ ಕಾಗದದಿಂದ ಕತ್ತರಿಸಿದ ಹಾಗೆ. ಸಿ ಮೇಜರ್‌ನ ಮೇಲಿನ ತುಂಡೇ ಜಿ ಮೇಜರ್‌ನ ಕೆಳಗಿನ ತುಂಡು. ಜಿ ಮೇಜರ್‌ನ ಮೇಲಿನ ತುಂಡು ಡಿ ಮೇಜರ್‌ಗೆ ಕೆಳಗಿನದು. ಹೀಗೆ ಒಂದರಿಂದ ಇನ್ನೊಂದು ಹುಟ್ಟುತ್ತಾ ಹೋಗಿ ಹನ್ನೆರಡಾದ ಮೇಲೆ ಮತ್ತೆ ಸಿ.

ತಟ್ಟೆಯನ್ನು ಸಿಯಿಂದ ಜಿಗೆ ತಿರುಗಿಸಿ ನೋಡಿ. ಏಳು ಸ್ವರಗಳಲ್ಲಿ ಆರು ಹಾಗೇ ಉಳಿಯುತ್ತವೆ, ಎಫ್ ಮಾತ್ರ ಎಫ್ ಶಾರ್ಪ್ ಆಗುತ್ತದೆ. ಹಳೆಯ ಸ್ಕೇಲಿನ ನಾಲ್ಕನೇ ಸ್ವರ ಒಂದು ಸೆಮಿಟೋನ್ ಏರಿ ಹೊಸ ಸ್ಕೇಲಿನ ಏಳನೆಯದಾಗಿ ನಿಲ್ಲುತ್ತದೆ. ಜಿಯಿಂದ ಡಿಗೆ ಹೋದಾಗಲೂ ಅದೇ: ಸಿ ಏರಿ ಸಿ ಶಾರ್ಪ್. ಶಾರ್ಪ್‌ಗಳು ಎಫ್, ಸಿ, ಜಿ, ಡಿ, ಎ, ಇ, ಬಿ ಅನ್ನುವ ಕ್ರಮದಲ್ಲೇ ಯಾಕೆ ಬರುತ್ತವೆ ಅನ್ನುವುದಕ್ಕೆ ಇದೇ ಉತ್ತರ. ಫ್ಲ್ಯಾಟ್‌ಗಳ ಕ್ರಮ ಇದನ್ನೇ ತಲೆಕೆಳಗು ಮಾಡಿದ್ದು. ಫ್ಲ್ಯಾಟ್ ಅಂದರೆ ಒಂದು ಸೆಮಿಟೋನ್ ಇಳಿಸಿದ ಸ್ವರ.

ಇಲ್ಲಿ ಚಕ್ರದ ಒಂದು ಮಿತಿ ಹೇಳಬೇಕು. ರಟ್ಟಿನ ಮೇಲೆ ಸಿ ಪಕ್ಕದಲ್ಲೇ ಸಿ ಶಾರ್ಪ್ ಇದೆ, ಹಾಗಾಗಿ ಎರಡೂ ಹತ್ತಿರದ ನೆಂಟರು ಅಂತ ಕಣ್ಣು ನಂಬುತ್ತದೆ. ತಟ್ಟೆಯನ್ನು ಒಂದೇ ಒಂದು ಗುರುತು ತಿರುಗಿಸಿದರೆ ಹಳೆಯ ಏಳರಲ್ಲಿ ಎರಡೇ ಸ್ವರ ಉಳಿಯುತ್ತವೆ, ಐದು ಬದಲಾಗುತ್ತವೆ. ಅಂಚಿನಲ್ಲಿ ಪಕ್ಕದಲ್ಲಿರುವುದು ಸ್ಕೇಲಿನ ಲೆಕ್ಕದಲ್ಲಿ ದೂರದ್ದು. ಅಂಚಿನಲ್ಲಿ ಏಳು ಗುರುತು ಆಚೆಗಿರುವ ಜಿ ಹತ್ತಿರದ್ದು. ಈ ನೆಂಟಸ್ತಿಕೆ ತೋರಿಸುವುದಕ್ಕೇ ಆ ಬೇರೆ ಕಾರ್ಡು. ಅದನ್ನು ರಟ್ಟಿನ ಮೇಲೆಯೇ ಒಳಸುತ್ತಾಗಿ ಅಚ್ಚು ಹಾಕಿದ್ದರೆ ಎಷ್ಟು ಚೆನ್ನಾಗಿತ್ತು. ಬಿಡಿ ಕಾರ್ಡು ಎರಡನೇ ವಾರಕ್ಕೇ ನನ್ನ ಬಟ್ಟೆಯ ರಾಶಿಯೊಳಗೆ ಸೇರಿ, ಹುಡುಕಲು ಮೂರು ದಿನ ಹಿಡಿಯಿತು.

ಈಗ ನೀಲಿ ತಟ್ಟೆ. ಈ ವಿಮರ್ಶೆ ಬರೆಯಲು ನಿಜವಾದ ಕಾರಣ ಇದೇ.

ಮೈನರ್ ಅಂದರೆ ದುಃಖದ ಸ್ಕೇಲ್ ಅಂತಷ್ಟೇ ಕೇಳಿ ಬೆಳೆದವಳು ನಾನು. ಹೇಗೆ ಕಟ್ಟುತ್ತಾರೆ ಅಂತ ಯಾರೂ ಹೇಳಿರಲಿಲ್ಲ. ನೀಲಿಯ ದೊಡ್ಡ ತೂತುಗಳ ಅಳತೆ 2, 1, 2, 2, 1, 2, 2. ಇದು ನ್ಯಾಚುರಲ್ ಮೈನರ್. 1ನ್ನು ಎ ಮೇಲಿಟ್ಟರೆ ಎ, ಬಿ, ಸಿ, ಡಿ, ಇ, ಎಫ್, ಜಿ. ಎಲ್ಲವೂ ಬಿಳಿ ಮನೆ. ಸಿ ಮೇಜರ್‌ನಲ್ಲಿದ್ದ ಅದೇ ಏಳು. ಮೂರನೇ ತಿಂಗಳಲ್ಲಿ ರಿವೆಟ್ ಸಡಿಲವಾಗಿ ಬಿಚ್ಚಿಕೊಂಡಾಗ ಎರಡೂ ತಟ್ಟೆ ಕೈಗೆ ಬಿಡಿಯಾಗಿ ಬಂದವು. ಅಭ್ಯಾಸಬಲದಿಂದ ಒಂದರ ಮೇಲೊಂದಿಟ್ಟು ಅಂಚು ಹೊಂದಿಸಿದೆ, ತುಂಡು ಬಟ್ಟೆ ಸಿಕ್ಕರೂ ಹಾಗೇ ಮಾಡುತ್ತೇನೆ. ಸ್ವಲ್ಪ ತಿರುಗಿಸಿದ ಮೇಲೆ ಕೆಂಪಿನ ಏಳು ತೂತು, ನೀಲಿಯ ಏಳು ದೊಡ್ಡ ತೂತು ಒಂದಕ್ಕೊಂದು ಕೂತು, ಏಳರಲ್ಲೂ ಕಿಟಕಿಯ ಬೆಳಕು ಬಂತು. ಒಂದೇ ಅಚ್ಚು! ಬೇರೆ ಇದ್ದದ್ದು ಅಂಕಿಗಳು ಮಾತ್ರ. ನೀಲಿಯ 1 ಕೆಂಪಿನ 6ರ ಮೇಲೆ ಕೂತಿತ್ತು.

ನಾನು ಎಷ್ಟೋ ಹೊತ್ತು ಅದನ್ನು ಬೆಳಕಿಗೆ ಹಿಡಿದುಕೊಂಡೇ ಇದ್ದೆ. ಮೇಜರ್ ಸ್ಕೇಲಿನ ಆರನೇ ಸ್ವರವನ್ನು ನೆಲೆ, ಅಂದರೆ ಮರಳಿ ಬಂದು ಸೇರುವ ಮನೆ, ಮಾಡಿಕೊಂಡು ಅಲ್ಲಿಂದ ಹೊರಟು ಅಲ್ಲಿಗೇ ಮರಳಿದರೆ ಮೈನರ್. ಇದಕ್ಕೆ ರೆಲೆಟಿವ್ ಮೈನರ್ ಅನ್ನುತ್ತಾರೆ. ಮೇಜರ್‌ನ ಮೊದಲ ಸ್ವರದಿಂದ ಮೂರು ಸೆಮಿಟೋನ್ ಇಳಿದರೆ ಅದು ಸಿಗುತ್ತದೆ: ಸಿಗೆ ಎ, ಜಿಗೆ ಇ, ಡಿಗೆ ಬಿ. ಸ್ವರಗಳು ಅವೇ. ಹಾಡು ಯಾವ ಸ್ವರದಲ್ಲಿ ಬಂದು ನೆಮ್ಮದಿಯಾಗಿ ಕೂರುತ್ತದೆ ಅನ್ನುವುದು ಬೇರೆ. ಈ ಮಾತು ಕೈಪಿಡಿಯ ಐದನೇ ಪುಟದಲ್ಲಿತ್ತು, ಎರಡು ಸಲ ಓದಿದ್ದೆ ಕೂಡ, ತಲೆಗೆ ಹೋಗಿರಲಿಲ್ಲ. ತೂತಿನಲ್ಲಿ ಬೆಳಕು ಕಂಡ ಮೇಲೆ ಹೋಯಿತು.

ಹಾಗಾದರೆ ಕಿವಿಗೆ ಅಷ್ಟು ಬೇರೆ ಕೇಳಿಸುವುದು ಯಾಕೆ? ಇದಕ್ಕೆ ಎರಡೂ ತಟ್ಟೆಗಳ 1ನ್ನು ಒಂದೇ ಸ್ವರದ ಮೇಲಿಟ್ಟು ನೋಡಬೇಕು. ಸಿ ಮೇಲಿಟ್ಟೆ. 1, 2, 4, 5 ಇದ್ದಲ್ಲೇ ಇವೆ. 3, 6, 7 ಮಾತ್ರ ಒಂದೊಂದು ಸೆಮಿಟೋನ್ ಕೆಳಗಿಳಿದಿವೆ: ಇ ಬದಲು ಇ ಫ್ಲ್ಯಾಟ್, ಎ ಬದಲು ಎ ಫ್ಲ್ಯಾಟ್, ಬಿ ಬದಲು ಬಿ ಫ್ಲ್ಯಾಟ್. ಇದರಲ್ಲಿ ಮೂರನೆಯದೇ ಮುಖ್ಯ. ಒಂದರಿಂದ ಮೂರಕ್ಕೆ ನಾಲ್ಕು ಸೆಮಿಟೋನ್ ಇದ್ದರೆ ಮೇಜರ್, ಮೂರು ಇದ್ದರೆ ಮೈನರ್. ಸಿ, ಇ, ಜಿ ಮೂರೂ ಮನೆ ಒಟ್ಟಿಗೆ ಒತ್ತಿ, ಆಮೇಲೆ ನಡುವಿನ ಬೆರಳನ್ನು ಮಾತ್ರ ಎಡದ ಕರಿ ಮನೆಗೆ ಸರಿಸಿ. ಅರ್ಧ ಇಂಚು ಕೈ ಸರಿದದ್ದಕ್ಕೆ ಕೋಣೆಯ ಬೆಳಕೇ ಬದಲಾದಂತೆ ಕೇಳಿಸುತ್ತದೆ.

ನೀಲಿ ತಟ್ಟೆಯ ಎರಡು ಸಣ್ಣ ತೂತುಗಳ ಬಗ್ಗೆ ನನಗೆ ದೂರು ಇದೆ. ಕೈಪಿಡಿ ಅವನ್ನು ಒಂದೇ ಸಾಲಿನಲ್ಲಿ ಮುಗಿಸುತ್ತದೆ: ಬೇಕಾದಾಗ ಆರು ಮತ್ತು ಏಳನ್ನು ಏರಿಸಿಕೊಳ್ಳಿ. ಯಾವಾಗ ಬೇಕಾಗುತ್ತದೆ, ಯಾಕೆ? ಒಂದು ಸಾಲೂ ಇಲ್ಲ. ಹೊಸಬರು ಎಡವುವುದು ನಿಖರವಾಗಿ ಇಲ್ಲೇ. ಎರಡು ತಿಂಗಳು ನಾನು ಆ ಒಂಬತ್ತು ತೂತುಗಳನ್ನು ಮನಸ್ಸಿಗೆ ಬಂದ ಹಾಗೆ ಬಳಸಿದೆ, ನುಡಿಸಿದ್ದು ಯಾವುದೂ ಒಂದು ನೆಲೆಗೆ ನಿಲ್ಲಲಿಲ್ಲ. ಆಮೇಲೆ ಬೇರೆ ಕಡೆ ಓದಿ, ನುಡಿಸಿ ನೋಡಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತೇನೆ. ಚಕ್ರ ಕೊಂಡವರು ಕೈಪಿಡಿಯ ಪಕ್ಕ ಇಟ್ಟುಕೊಳ್ಳಲಿ.

ಎ ನ್ಯಾಚುರಲ್ ಮೈನರ್‌ನಲ್ಲಿ ಏಳನೇ ಸ್ವರ ಜಿ. ಜಿಯಿಂದ ಎಗೆ ಒಂದು ಪೂರ್ತಿ ಟೋನ್ ದೂರ. ಮೇಜರ್‌ನಲ್ಲಿ ಏಳನೆಯದು ಮನೆಯ ಹೊಸ್ತಿಲಲ್ಲೇ, ಒಂದೇ ಸೆಮಿಟೋನ್ ಅಂತರದಲ್ಲಿ ನಿಂತು ಒಳಗೆ ಬರಲು ತವಕಿಸುತ್ತಿರುತ್ತದೆ. ಮೈನರ್‌ಗೆ ಆ ತವಕ ಇಲ್ಲ. ಐದನೇ ಸ್ವರದ ಮೇಲೆ ಕಾರ್ಡ್ (chord, ಒಟ್ಟಿಗೆ ಒತ್ತುವ ಸ್ವರಗಳ ಗುಂಪು) ಕಟ್ಟಿ ಮನೆಗೆ ಮರಳುವಾಗ ಈ ಕೊರತೆ ಎದ್ದು ಕೇಳಿಸುತ್ತದೆ: ಇ, ಜಿ, ಬಿ ಒತ್ತಿ ಆಮೇಲೆ ಎ, ಸಿ, ಇ ಒತ್ತಿ ನೋಡಿ. ಬಂದೆವು, ಆದರೆ ಬರಲೇಬೇಕು ಅಂತ ಬಂದದ್ದಲ್ಲ. ಜಿ ಬದಲು ಜಿ ಶಾರ್ಪ್ ಇಟ್ಟು ಇನ್ನೊಮ್ಮೆ ಒತ್ತಿ. ಈ ಸಲ ಬಾಗಿಲು ತಾನಾಗಿ ಎಳೆದುಕೊಳ್ಳುತ್ತದೆ. ಕಾರ್ಡ್‌ಗಾಗಿ, ಅಂದರೆ ಹಾರ್ಮನಿಗಾಗಿ ಏಳನೆಯದನ್ನು ಏರಿಸಿದ ಈ ರೂಪಕ್ಕೆ ಹಾರ್ಮೋನಿಕ್ ಮೈನರ್ ಅಂತ ಹೆಸರು. ಅಳತೆ 2, 1, 2, 2, 1, 3, 1.

ಆ 3 ನೋಡಿ. ಏಳನ್ನು ಏರಿಸಿದ್ದರಿಂದ ಆರಕ್ಕೂ ಏಳಕ್ಕೂ ನಡುವೆ ಮೂರು ಸೆಮಿಟೋನ್ ಕಂದಕ ಬಿತ್ತು, ಎಫ್‌ನಿಂದ ಜಿ ಶಾರ್ಪ್‌ಗೆ. ಬೆರಳಿಗೆ ಅದು ಕಷ್ಟವಲ್ಲ, ದನಿಗೆ ನೆಗೆತ. ಒಂದು ಕಡೆ ಹಿಡಿದು ಎಳೆದರೆ ಪಕ್ಕದ ಹೊಲಿಗೆ ಬಾಯಿ ಬಿಡುತ್ತದೆ. ಆಗ ಪಕ್ಕದ್ದನ್ನೂ ಸ್ವಲ್ಪ ಸರಿಸಿಕೊಡಬೇಕು. ಹಾಗೇ ಆರನೆಯದನ್ನೂ ಏರಿಸಿ ಎಫ್ ಶಾರ್ಪ್ ಮಾಡಿದರೆ ಕಂದಕ ಮುಚ್ಚುತ್ತದೆ: ಎ, ಬಿ, ಸಿ, ಡಿ, ಇ, ಎಫ್ ಶಾರ್ಪ್, ಜಿ ಶಾರ್ಪ್, ಎ. ಮೆಲಡಿ ನಯವಾಗಿ ಹರಿಯಲಿ ಅಂತ ಮಾಡಿದ್ದರಿಂದ ಇದು ಮೆಲೋಡಿಕ್ ಮೈನರ್. ಇಳಿಯುವಾಗ ಮನೆಯ ಬಾಗಿಲು ತಟ್ಟುವ ಅಗತ್ಯ ಇಲ್ಲವಲ್ಲ, ಹಾಗಾಗಿ ಜಿ, ಎಫ್ ಎರಡೂ ಹಳೆಯ ಜಾಗಕ್ಕೆ ಮರಳುತ್ತವೆ. ಏರುವಾಗಿನ ಮೇಲಿನ ತುಂಡನ್ನು ಅಳೆದರೆ 2, 2, 1. ಮೇಜರ್‌ನ ತೋಳೇ ಇಲ್ಲಿಗೂ ಬಂದಿದೆ. ಮೈನರ್ ಅನ್ನಿಸಿಕೊಳ್ಳಲು ಉಳಿದಿರುವುದು ಆ ಮೂರನೇ ಸ್ವರ ಒಂದೇ.

ಅಕ್ಕ ಕರ್ನಾಟಕ ಸಂಗೀತ ಕಲಿತವಳು. ಕೆಂಪು ತಟ್ಟೆ ನೋಡಿದ ತಕ್ಷಣ "ಇದು ಶಂಕರಾಭರಣದ ಸ್ವರಸ್ಥಾನ ಕಣೇ" ಅಂದಳು. ನೀಲಿಗೆ ನಠಭೈರವಿ, ಏಳನೆಯದು ಏರಿದಾಗ ಕೀರವಾಣಿ, ಆರು ಏಳು ಎರಡೂ ಏರಿದಾಗ ಗೌರಿಮನೋಹರಿ. ಮೂಲ ರಾಗಗಳ ಪಟ್ಟಿಯಲ್ಲಿ ಅವುಗಳ ಸ್ಥಾನ, ಅಂದರೆ ಮೇಳದ ಸಂಖ್ಯೆ, 29, 20, 21, 23 ಅಂತ ಬೆರಳು ಮಡಿಸದೆ ಹೇಳಿದಳು. "ಆದರೆ ತೂತಿನಲ್ಲಿ ಕಂಡದ್ದೇ ರಾಗ ಅಂದುಕೊಳ್ಳಬೇಡ, ಗಮಕ ಬಿಟ್ಟರೆ ಶಂಕರಾಭರಣ ಎಲ್ಲಿ ಉಳೀತು?" ಅಂತಲೂ ಸೇರಿಸಿದಳು. ಗಮಕ ಅಂದರೆ ಸ್ವರವನ್ನು ತೂಗಿ ಆಡಿಸುವ ರೀತಿ. ಸರಿಯಾದ ಮಾತು. ಈ ಹೆಸರುಗಳು ಮೊದಲೇ ಗೊತ್ತಿರುವವರಿಗೆ ಅಳತೆ ಬೇಗ ನೆನಪಿಗೆ ನಿಲ್ಲುತ್ತದೆ, ಅಷ್ಟರ ಮಟ್ಟಿಗೆ ಇಟ್ಟುಕೊಳ್ಳಿ.

ಚಕ್ರದ ದೊಡ್ಡ ತಪ್ಪನ್ನು ಹಿಡಿದದ್ದು ಅವಳ ಮಗ. ಹದಿನಾಲ್ಕು ವರ್ಷ, ಗಿಟಾರ್ ಕಲಿಯುತ್ತಿದ್ದಾನೆ. ಎಫ್ ಮೇಜರ್ ತಿರುಗಿಸಿ, "ಚಿಕ್ಕಮ್ಮ, ಇದರಲ್ಲಿ ಎರಡು ಎ ಇದೆ. ಬಿ ಎಲ್ಲಿ ಹೋಯ್ತು?" ಅಂತ ಕೇಳಿದ. ನೋಡಿದರೆ ನಿಜ. ತೂತುಗಳಲ್ಲಿ ಎಫ್, ಜಿ, ಎ, ಎ ಶಾರ್ಪ್, ಸಿ, ಡಿ, ಇ. ಒತ್ತುವ ಮನೆ ಸರಿ, ಬರೆದ ಹೆಸರು ತಪ್ಪು. ಸ್ಕೇಲ್ ಬರೆಯುವಾಗ ಏಳು ಅಕ್ಷರಗಳೂ ಒಂದೊಂದೇ ಸಲ ಬರಬೇಕು. ಯಾವುದೂ ಎರಡು ಸಲ ಬರಬಾರದು, ಯಾವುದೂ ಬಿಟ್ಟುಹೋಗಬಾರದು. ಹಾಗಾಗಿ ಅದು ಬಿ ಫ್ಲ್ಯಾಟ್. ಸಾಲುಗೆರೆಯ ಮೇಲೆ ಸ್ವರ ಬರೆಯುವಾಗ ಪ್ರತಿ ಅಕ್ಷರಕ್ಕೂ ಒಂದೊಂದು ಜಾಗ ಮೀಸಲಾಗಿರುತ್ತದೆ. ಎರಡು ಎ ಬರೆದರೆ ಒಂದು ಗೆರೆಯಲ್ಲಿ ನೂಕುನುಗ್ಗಲು, ಪಕ್ಕದ್ದು ಖಾಲಿ. ಇದೇ ನಿಯಮದಿಂದ ಎಫ್ ಶಾರ್ಪ್ ಮೇಜರ್‌ನ ಏಳನೇ ಸ್ವರಕ್ಕೆ ಇ ಶಾರ್ಪ್ ಅನ್ನುತ್ತಾರೆ, ಒತ್ತುವುದು ಎಫ್ ಮನೆಯನ್ನೇ ಆದರೂ. ಸಿ ಮೈನರ್ ಇಟ್ಟರೆ ಚಕ್ರದಲ್ಲಿ ಡಿ ಎರಡು ಸಲ, ಜಿ ಎರಡು ಸಲ. ಇ ಮತ್ತು ಬಿ ಕಾಣೆ.

ಹನ್ನೆರಡು ಹೆಸರುಗಳನ್ನೂ ಬರೀ ಶಾರ್ಪ್‌ನಲ್ಲಿ ಅಚ್ಚು ಹಾಕಿದ್ದು ಈ ತಯಾರಕರ ಅಸಡ್ಡೆ, ಬೇರೆ ಮಾತಿಲ್ಲ. ಐದೇ ಐದು ಜಾಗದಲ್ಲಿ ಫ್ಲ್ಯಾಟ್ ಹೆಸರನ್ನೂ ಕೆಳಗೆ ಸೇರಿಸಿದ್ದರೆ ಬಹುಪಾಲು ಸರಿಹೋಗುತ್ತಿತ್ತು. ನಾನು ಬಿಳಿ ಸ್ಟಿಕ್ಕರ್ ಕತ್ತರಿಸಿ, ಬಟ್ಟೆಗೆ ಗುರುತು ಹಾಕುವ ಪೆನ್ನಿನಲ್ಲಿ ಡಿ ಫ್ಲ್ಯಾಟ್, ಇ ಫ್ಲ್ಯಾಟ್, ಜಿ ಫ್ಲ್ಯಾಟ್, ಎ ಫ್ಲ್ಯಾಟ್, ಬಿ ಫ್ಲ್ಯಾಟ್ ಅಂತ ಬರೆದು ಅಂಟಿಸಿದೆ. ಕೊಳ್ಳುವವರು ಮೊದಲ ದಿನವೇ ಈ ಕೆಲಸ ಮಾಡಿ. ತಪ್ಪು ಹೆಸರು ಒಮ್ಮೆ ಬಾಯಿಗೆ ಕೂತರೆ ಬಿಡಿಸುವುದು ಕಷ್ಟ.

ಹುಡುಗನಿಗೆ ಇದು ಗಿಟಾರ್‌ಗೂ ಒದಗಿತು. ಅಲ್ಲಿ ಬಿಳಿ ಕರಿ ಅನ್ನುವ ಭೇದವೇ ಇಲ್ಲ, ಒಂದು ಫ್ರೆಟ್ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿ) ಒಂದು ಸೆಮಿಟೋನ್. ಒಂದೇ ತಂತಿಯ ಮೇಲೆ ಬಿಟ್ಟ ತಂತಿ, 2, 4, 5, 7, 9, 11, 12 ಅಂತ ಫ್ರೆಟ್ ಹಿಡಿದರೆ ಮೇಜರ್ ಸ್ಕೇಲ್ ಸಿದ್ಧ, ತಂತಿ ಯಾವುದಾದರೂ ಸರಿ. ಹನ್ನೆರಡನೇ ಫ್ರೆಟ್ ತಂತಿಯ ನಟ್ಟನಡುವೆ ಇದೆ ಅಂತ ಅವನೇ ನನ್ನ ಟೇಪು ಹಿಡಿದು ಅಳೆದ.

ಅಳೆದು ಮುಗಿಸಿ ಇನ್ನೊಂದು ಪ್ರಶ್ನೆ ಹಾಕಿದ: ಫ್ರೆಟ್‌ಗಳು ಮೇಲೆ ಹೋದಂತೆ ಹತ್ತಿರ ಹತ್ತಿರ ಆಗುತ್ತವೆ, ಚಕ್ರದಲ್ಲಿ ಮಾತ್ರ ಎಲ್ಲ ಸಮಭಾಗ ಯಾಕೆ? ಒಳ್ಳೆಯ ಪ್ರಶ್ನೆ. ಸ್ವರಗಳ ಸಮಭಾಗ ಕೂಡಿಕೆಯದಲ್ಲ, ಗುಣಾಕಾರದ್ದು. ಎ ಸ್ವರಕ್ಕೆ 440 ಹರ್ಟ್ಜ್, ಅಂದರೆ ಸೆಕೆಂಡಿಗೆ 440 ಕಂಪನ, ಒಂದು ಆಕ್ಟೇವ್ ಮೇಲಿನ ಎಗೆ 880. ನಡುವಿನ ಹನ್ನೆರಡು ಹೆಜ್ಜೆಗಳಲ್ಲಿ ಪ್ರತಿಯೊಂದರಲ್ಲೂ ಕಂಪನ ಸುಮಾರು 1.0595 ಪಟ್ಟು ಆಗುತ್ತದೆ. ಹನ್ನೆರಡು ಸಲ ಗುಣಿಸಿದರೆ ಸರಿಯಾಗಿ ಎರಡು ಪಟ್ಟು. ಎಲ್ಲ ಹೆಜ್ಜೆಯೂ ಒಂದೇ ಪಟ್ಟಾಗಿರುವುದರಿಂದಲೇ ನಮ್ಮ ತಟ್ಟೆಯನ್ನು ಎಲ್ಲಿಟ್ಟರೂ ಅಳತೆ ಕೂರುವುದು. ಇದಕ್ಕೆ ಒಂದು ಬೆಲೆ ತೆರಬೇಕು. 440ರ ಮೇಲಿನ ಮೇಜರ್ ಮೂರನೇ ಸ್ವರ ನಾಲ್ಕಕ್ಕೆ ಐದರ ಶುದ್ಧ ಲೆಕ್ಕದಲ್ಲಿ 550 ಆಗಬೇಕು. ಸಮಭಾಗದ ಲೆಕ್ಕದಲ್ಲಿ 554.37 ಆಗುತ್ತದೆ. ಎಲ್ಲ ಸ್ಕೇಲ್‌ಗೂ ಒಂದೇ ಕಾಗದ ಹೊಂದಬೇಕಾದರೆ ಪ್ರತಿಯೊಂದರಲ್ಲೂ ಒಂದು ನೂಲೆಳೆಯಷ್ಟು ಬಿಗಿಯೋ ಸಡಿಲವೋ ಒಪ್ಪಿಕೊಳ್ಳಬೇಕು. ಕೈಪಿಡಿ ಈ ಮಾತನ್ನು ಎತ್ತುವುದೇ ಇಲ್ಲ. ಅರ್ಧ ಪುಟ ಕೊಡಬೇಕಿತ್ತು.

ಬಳಸುವ ಕ್ರಮದ ಬಗ್ಗೆ ಒಂದು ಮಾತು. ಚಕ್ರಕ್ಕೆ ದನಿಯಿಲ್ಲ, ಹಾಗಾಗಿ ತೂತು ನೋಡಿ ಹೆಸರು ಓದಿ ಮುಚ್ಚಿಟ್ಟರೆ ಏನೂ ಸಿಗುವುದಿಲ್ಲ. ನಾನು ದಿನಕ್ಕೆ ಒಂದೇ ಸ್ಥಾನ ಇಡುತ್ತೇನೆ. ಮೊದಲ ಸ್ವರ ಒತ್ತಿ, ಉಳಿದದ್ದನ್ನು ಮೊದಲು ಬಾಯಲ್ಲಿ ಹಾಡಿ, ಆಮೇಲೆ ನುಡಿಸಿ ಸರಿ ಇದೆಯೇ ನೋಡುತ್ತೇನೆ. ಆಮೇಲೆ ಅದರ ರೆಲೆಟಿವ್ ಮೈನರ್, ಮೂರು ರೂಪದಲ್ಲೂ. ಎರಡೂ ತಟ್ಟೆ ಒಂದು ಸುತ್ತು ಮುಗಿಸಿದರೆ ಹನ್ನೆರಡು ಮೇಜರ್, ಹನ್ನೆರಡು ಮೈನರ್, ಒಟ್ಟು 24. ಜರ್ಮನ್ ಸಂಗೀತಗಾರ ಬಾಖ್ 1722ರಲ್ಲಿ ಈ 24ಕ್ಕೂ ಒಂದೊಂದು ಪ್ರಿಲ್ಯೂಡ್ (ಪೀಠಿಕೆಯಂಥ ತುಣುಕು), ಒಂದೊಂದು ಫ್ಯೂಗ್ (ಒಂದೇ ಎಳೆಯನ್ನು ಹಲವು ದನಿಗಳು ಒಂದರ ಹಿಂದೊಂದು ಹಿಡಿಯುವ ರಚನೆ) ಬರೆದು ಸಂಪುಟ ಮಾಡಿದ್ದ. ಅವನ್ನು ಕೇಳುವಾಗ ಈಗ ನನ್ನ ಕೈ ತಾನಾಗಿ ಚಕ್ರವನ್ನು ಆಯಾ ಸ್ಥಾನಕ್ಕೆ ತಿರುಗಿಸುತ್ತದೆ.

ಯಾರಿಗೆ ಬೇಕು, ಯಾರಿಗೆ ಬೇಡ? ಸ್ಕೇಲ್‌ಗಳನ್ನು ಬೆರಳಿನಲ್ಲಿ ಕಲಿತು ಕಾರಣ ಸಿಗದೆ ಉಳಿದವರಿಗೆ ಕಣ್ಣು ಮುಚ್ಚಿ ಹೇಳುತ್ತೇನೆ, ತೆಗೆದುಕೊಳ್ಳಿ. ಈಗಷ್ಟೇ ಶುರು ಮಾಡಿದ ಮಕ್ಕಳಿಗೆ ಪಕ್ಕದಲ್ಲಿ ಗೊತ್ತಿರುವವರು ಕೂತಿದ್ದರೆ ಒಳ್ಳೆಯದು, ಇಲ್ಲದಿದ್ದರೆ ಆ ಶಾರ್ಪ್ ಹೆಸರುಗಳೇ ನಿಲ್ಲುತ್ತವೆ. ಸ್ವರಲಿಪಿ ಚೆನ್ನಾಗಿ ಓದಬಲ್ಲವರಿಗೆ ಇದರಲ್ಲಿ ಹೊಸದೇನಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಹೆಸರಿಗೂ ಕೈಪಿಡಿಗೂ ಸೇರಿ.

ರಿವೆಟ್‌ಗೆ ಅಂಕ ಕಳೆದಿಲ್ಲ. ಅದು ಸಡಿಲವಾದಾಗ ತಟ್ಟೆ ಜಾರಿ ಎರಡು ಹೆಸರುಗಳ ನಡುವೆ ನಿಲ್ಲುತ್ತಿತ್ತು, ಒಂದು ಸಂಜೆ ಪೂರ್ತಿ ತಪ್ಪು ಸ್ಕೇಲ್ ನುಡಿಸಿದ್ದೇನೆ. ಆದರೆ ಅದು ಬಿಚ್ಚಿದ್ದರಿಂದಲೇ ಆ ಬೆಳಕು ಕಂಡದ್ದು. ಈಗ ಅಲ್ಲಿ ಒಂದು ಟಿಚ್ ಬಟನ್ ಹಾಕಿದ್ದೇನೆ. ಗಟ್ಟಿಯಾಗಿ ಕೂರುತ್ತದೆ, ಬೇಕಾದಾಗ ಟಕ್ ಅಂತ ಬಿಚ್ಚುತ್ತದೆ. ಸ್ಕೇಲ್ ಅಂದರೇನು ಅಂತ ಯಾರಾದರೂ ಕೇಳಿದರೆ ಮೊದಲು ಎರಡೂ ತಟ್ಟೆ ಬಿಚ್ಚಿ ಅವರ ಕೈಗೇ ಕೊಟ್ಟು, ಕಿಟಕಿಯ ಹತ್ತಿರ ಕರೆದುಕೊಂಡು ಹೋಗುತ್ತೇನೆ.